ಮೇಜಿನ ನೆತ್ತಿ

ದುಂಡು ಮೇಜನ್ನು ಮೊದಲು ಮಾಡಿದವನು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನ ಮನೆ ಬಾಗಿಲಿಗೇ ಹೋಗಿ, "ಅಯ್ಯಾ ಮಹಾನುಭಾವ, ಇದರಲ್ಲಿ ನಾನು ಎಲ್ಲಿ ಕೂರಬೇಕು, ಅದೊಂದು ಹೇಳು" ಎಂದು ಕೇಳಿಯೇ ಬರುತ್ತಿದ್ದೆ. ಅವನು ಬಯಲಿನವನೇ ಇರಬೇಕು, ಅದರಲ್ಲಿ ಅನುಮಾನವಿಲ್ಲ. ತಲೆಯೂ ಇಲ್ಲದ, ಕಾಲೂ ಇಲ್ಲದ ಒಂದು ಹಲಗೆಯನ್ನು ಮಾಡಿ ಅದರ ಸುತ್ತ ಮರ್ಯಾದಸ್ಥರನ್ನು ಕೂಡಿಹಾಕುವ ಯೋಚನೆ ಬೆಟ್ಟದಲ್ಲಿ ಹುಟ್ಟಿದವರಿಗೆ ಬರುವುದಿಲ್ಲ.

ನಾನು ಬೆಟ್ಟದಲ್ಲಿ ಹುಟ್ಟಿದವನು. ಹೆಸರು ಗವ್ರೀಲೊ. ದುರ್ಮಿತೋರ್ ಪರ್ವತದ ಮಗ್ಗುಲಲ್ಲಿ ಗ್ಲಾವಿತ್ಸಾ ಎಂಬ ಊರು, ಹದಿನಾಲ್ಕು ಮನೆ. ಹದಿನಾಲ್ಕರಲ್ಲಿ ಎಲ್ಲಕ್ಕಿಂತ ಮೇಲಿನದು ನನ್ನದು. ಅದರ ಮೇಲೆ ಇರುವುದು ಹಿಮ ಮತ್ತು ದೇವರು, ಇಬ್ಬರೂ ಬೇಸಿಗೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಊರಿನವರು ಬೆಳಿಗ್ಗೆ ಎದ್ದು ಮುಖ ಎತ್ತಿದರೆ ಮೊದಲು ಕಾಣುವುದು ನಮ್ಮ ಮನೆಯ ಒಗೆದ ಬಟ್ಟೆ. (ಅದು ನನಗೆ ಹೆಮ್ಮೆ, ನನ್ನ ಹೆಂಡತಿ ಮಿಲೂಶಾಗೆ ನಾಚಿಕೆ. ಬಟ್ಟೆ ಮಾತ್ರ ಒಂದೇ.) "ಎಷ್ಟು ಎತ್ತರದಲ್ಲಿದೀರಿ?" ಎಂದು ಯಾರಾದರೂ ಕೇಳಿದರೆ "ಸಾವಿರದ ಐನೂರ ಹತ್ತು ಮೀಟರ್, ಹೊಸ್ತಿಲ ಹತ್ತಿರ" ಎನ್ನುತ್ತೇನೆ. ಆಗ ಒಳಗಿನಿಂದ ಮಿಲೂಶಾ, "ನೀರು ಹೊರೋಳನ್ನ ಕೇಳಿ, ಎರಡು ಸಾವಿರ ಅಂತಾಳೆ" ಎಂದು ಕೂಗುತ್ತಾಳೆ.

ನಮ್ಮ ಭಾಷೆಯಲ್ಲಿ ಬೆಟ್ಟದ ನೆತ್ತಿಗೆ ‘ವ್ರ್ಹ್’ ಎಂದು ಹೆಸರು. ಹೇಳಿ ನೋಡಿ. ಅದರಲ್ಲಿ ಸ್ವರವೇ ಇಲ್ಲ. ನಮ್ಮ ಪೂರ್ವಜರು ಬೇಕೆಂದೇ ಹಾಗೆ ಮಾಡಿದ್ದಾರೆ. ಮೇಲಿನವರೆಗೆ ಹತ್ತಿ ನಿಂತವನಿಗೆ ಸ್ವರ ಎಳೆಯುವಷ್ಟು ಉಸಿರು ಎಲ್ಲಿ ಉಳಿದಿರುತ್ತದೆ? ಪದ ಚಿಕ್ಕದಾದರೂ ಅದರ ಸಂಸಾರ ದೊಡ್ಡದು. ಮರದ ತುದಿಯೂ ವ್ರ್ಹ್, ನಾಲಿಗೆಯ ತುದಿಯೂ ವ್ರ್ಹ್. ಸಾರಿಗೆ ಉಪ್ಪು ಎಷ್ಟು ಎಂದರೆ ಚಾಕುವಿನ ವ್ರ್ಹ್‌ನಷ್ಟು. ದೇಶ ಆಳುವವರೆಲ್ಲ ಸೇರಿ ಒಂದು ವ್ರ್ಹ್, ಅವರು ಕೂತು ಕಾಫಿ ಕುಡಿದರೂ ಪತ್ರಿಕೆಯಲ್ಲಿ ಬರುತ್ತದೆ. ನನ್ನ ತಂಗಿಯ ಮಗ ಬಾಲ್ಶಾನಂಥ ಹುಡುಗರಿಗೆ ಬೂಟು, ಸಿನಿಮಾ, ಐಸ್‌ಕ್ರೀಮು, ಹಿಡಿಸಿದ್ದೆಲ್ಲ ವ್ರ್ಹ್. ಮಿಲೂಶಾ ದಿನಕ್ಕೆ ಒಮ್ಮೆಯಾದರೂ "ನೀನು ನನ್ನ ತಲೆಯ ವ್ರ್ಹ್ ಹತ್ತಿ ಕೂತಿದೀಯ" ಎನ್ನುತ್ತಾಳೆ, ಅಂದರೆ ಇನ್ನು ಸಾಕು ಎಂದು ಅರ್ಥ. (ನಾನು ಅದನ್ನೂ ಒಂದು ಪರ್ವತಾರೋಹಣವೆಂದೇ ಭಾವಿಸಿ ಸುಮ್ಮನಿರುತ್ತೇನೆ.) ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅದು ಊಟದ ಮೇಜಿನ ನೆತ್ತಿ.

ಉದ್ದ ಮೇಜಿನ ಆ ಒಂದು ಕೊನೆಯಲ್ಲಿ ಕೂತವನೇ ಕೂಟಕ್ಕೆಲ್ಲ ದೊಡ್ಡವನು. ಮೊದಲ ಗ್ಲಾಸು ಅವನು ಎತ್ತಬೇಕು, ಮಾಂಸದ ಮೊದಲ ತುಂಡು ಅವನಿಗೆ ಬರಬೇಕು, ಅವನು ಬಾಯಿ ಒರೆಸಿಕೊಳ್ಳುವವರೆಗೆ ಉಳಿದವರು ಏಳುವಂತಿಲ್ಲ. ಮದುವೆಯಲ್ಲಿ ಆ ಜಾಗ ದಿಬ್ಬಣದ ಹಿರಿಯನಿಗೆ. ದಿಬ್ಬಣದ ಹಿರಿಯನೆಂದರೆ ಮದುಮಗನ ಸೋದರಮಾವ. ಇದು ನನ್ನ ಅಜ್ಜ ಮಾಡಿದ ಕಟ್ಟಳೆಯಲ್ಲ, ಅಜ್ಜನ ಅಜ್ಜ ಮಾಡಿದ್ದೂ ಅಲ್ಲ. ಬೆಟ್ಟ ಎದ್ದು ನಿಂತ ದಿನವೇ ಆದದ್ದೆಂದು ನನ್ನ ನಂಬಿಕೆ.

ನನಗೀಗ ಅರವತ್ತೊಂದು. ನನ್ನ ಅಪ್ಪ ಆರು ಮದುವೆಗಳಲ್ಲಿ ಮೇಜಿನ ನೆತ್ತಿಗೆ ಕೂತಿದ್ದ. ನಾನು ಒಂದರಲ್ಲೂ ಇಲ್ಲ. ನಡುವೆ ಎಲ್ಲೋ ಕೂತಿದ್ದೇನೆ, ಒಮ್ಮೆ ಬಾಗಿಲ ಸಂದಿಯಲ್ಲಿ, ಒಮ್ಮೆ ಅಕಾರ್ಡಿಯನ್ ಬಾರಿಸುವವನ ಮೊಣಕೈ ಪಕ್ಕದಲ್ಲಿ. (ಆ ಸಲ ಊಟಕ್ಕಿಂತ ಮೊಣಕೈಯನ್ನೇ ಹೆಚ್ಚು ತಿಂದೆ.) ನನಗಿರುವುದು ಒಬ್ಬಳೇ ತಂಗಿ, ದಾರಿಂಕಾ. ಅವಳಿಗಿರುವುದು ಒಬ್ಬನೇ ಮಗ, ಬಾಲ್ಶಾ. ಅವನು ಹುಟ್ಟಿದ ದಿನ ಎಲ್ಲರೂ ಮಗು ಯಾರ ಹಾಗಿದೆ ಎಂದು ನೋಡುತ್ತಿದ್ದರೆ ನಾನು ಇವನ ಮದುವೆಗೆ ಇನ್ನೆಷ್ಟು ವರ್ಷ ಎಂದು ಬೆರಳು ಮಡಚುತ್ತಿದ್ದೆ. ಇಪ್ಪತ್ತೊಂಬತ್ತು ವರ್ಷ ಕಾದೆ. ಇದೊಂದು ತಪ್ಪಿದರೆ ಈ ಜನ್ಮದಲ್ಲಿ ಮತ್ತೆ ಆ ಕುರ್ಚಿ ನನಗಿಲ್ಲ.

ಅಷ್ಟು ಕಾದ ಮೇಲೆ ಮೇ ತಿಂಗಳ ಒಂದು ಭಾನುವಾರ ಬಾಲ್ಶಾ ರಾಜಧಾನಿ ಪೊದ್ಗೋರಿತ್ಸಾದಿಂದ ಕಾರು ಹತ್ತಿಸಿಕೊಂಡು ಬಂದ. ಹುಡುಗಿಯ ಹೆಸರು ಟೆಯಾ, ಸಮುದ್ರದಂಡೆ ಕೋಟರ್‌ನವಳು, ಮದುವೆ ಆಗಸ್ಟ್‌ನಲ್ಲಿ ಎಂದೆಲ್ಲ ಹೇಳಿ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಹಾಲ್ ಬುಕ್ ಮಾಡಿದ್ವಿ ಮಾವ. ವ್ರ್ಹ್ ಅಂದ್ರೆ ವ್ರ್ಹ್, ನೋಡು."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಬಟ್ಟೆ, ಗುಲಾಬಿ ಹೂವು, ಗಾಜಿನ ದೀಪ, ಅದರ ಕೆಳಗೆ ಅಣಬೆ ಎದ್ದ ಹಾಗೆ ಇಪ್ಪತ್ತು ದುಂಡು ಮೇಜು.

"ಇದೇನೋ ಇದು?"

"ಟೇಬಲ್ಲು."

"ನನ್ನ ಜಾಗ ಎಲ್ಲಿ?"

"ಒಂದನೇ ನಂಬರ್ ಟೇಬಲ್. ನೀನು, ಅತ್ತೆ, ಅಪ್ಪ, ಅಮ್ಮ, ಆಮೇಲೆ ಅಪ್ಪನ ಆಫೀಸಿನ ಸಾಹೇಬ್ರು."

"ಒಂದನೇ ನಂಬರಿಗೆ ನೆತ್ತಿ ಯಾವ ಕಡೆ?"

ಬಾಲ್ಶಾ ಫೋನನ್ನು ಒಂದು ಸುತ್ತು ತಿರುಗಿಸಿದ. ಹೇಗೆ ತಿರುಗಿಸಿದರೂ ಅದು ಹಾಗೆಯೇ ಇತ್ತು.

"ಎಲ್ಲಿ ಕೂತ್ರೂ ನೆತ್ತಿನೇ ಮಾವ. ಎಲ್ರೂ ಸಮ."

"ಎಲ್ರೂ ಸಮ ಆಗೋಕೆ ಮದುವೆ ಯಾಕೋ ಬೇಕು? ಬಸ್ ಸ್ಟ್ಯಾಂಡಲ್ಲೇ ಆಗ್ತೀವಲ್ಲ."

ಒಲೆಯ ಹತ್ತಿರದಿಂದ ಮಿಲೂಶಾ ತಲೆ ಹಾಕಿದಳು. "ದುಂಡಗಿದ್ರೆ ಒಳ್ಳೇದೇ ಅಲ್ವಾ. ಯಾವ ಪಾತ್ರೆ ಆದ್ರೂ ಕೈಗೆ ಸಿಗುತ್ತೆ."

"ನಿನಗೆ ಪಾತ್ರೆ ಚಿಂತೆ. ಇಲ್ಲಿ ವಂಶದ ಮಾನ ಹೋಗ್ತಿದೆ."

"ಹೋಗೋದು ಹೋಗ್ಲಿ, ನೀನು ಆ ಸೌದೆ ತಂದು ಹಾಕು."

ನಾನು ಸೌದೆ ತರಲು ಹೋಗಲಿಲ್ಲ. ಬಾಲ್ಶಾಗೆ ಸ್ಪಷ್ಟವಾಗಿ ಹೇಳಿದೆ. ಪೊದ್ಗೋರಿತ್ಸಾ ಎಂದರೆ ‘ಗುಡ್ಡದ ಕೆಳಗಿನದು’ ಎಂದು ಅರ್ಥ, ಹೆಸರಿನಲ್ಲೇ ಕೆಳಗೆ ಇರುವ ಊರಿಗೆ ಮೇಲು ಯಾವುದೆಂದು ಹೇಗೆ ತಿಳಿಯಬೇಕು, ನನ್ನ ಜಾಗ ಇಲ್ಲದ ಮದುವೆಗೆ ನಾನು ಬರುವುದಿಲ್ಲ, ಬೇಕಾದರೆ ಆ ಸಾಹೇಬರನ್ನೇ ಸೋದರಮಾವ ಮಾಡಿಕೊಳ್ಳಿ ಎಂದೆ. ಹುಡುಗ ಪಾಪ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋದ.

ಸಂಜೆಗೆ ದಾರಿಂಕಾಳ ಫೋನು ಬಂತು. ಮೊದಲು ಅತ್ತಳು, ಆಮೇಲೆ ಮಾತಾಡಿದಳು.

"ಅಣ್ಣಾ, ನೀನು ಬರ್ಲಿಲ್ಲ ಅಂದ್ರೆ ಕೋಟರ್‌ನವರು ಏನಂದ್ಕೋತಾರೆ? ಹುಡುಗನ ತಾಯಿಗೆ ತವರೇ ಇಲ್ಲ ಅಂತಾರೆ."

"ನಾನು ಬರಲ್ಲ ಅಂತ ಎಲ್ಲಿ ಅಂದೆ? ನನ್ನ ಜಾಗ ಬಂದ್ರೆ ಅದರ ಹಿಂದೆ ನಾನೂ ಬರ್ತೀನಿ."

"ಆ ಹಾಲ್‌ನೋರ ಹತ್ರ ಉದ್ದ ಮೇಜೇ ಇಲ್ವಂತೆ ಅಣ್ಣ. ಇರೋದೆಲ್ಲ ದುಂಡಗಿನದೇ ಅಂತೆ."

ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಇಂಥ ಯೋಚನೆಗಳು ನನಗೆ ವರ್ಷಕ್ಕೆ ಒಂದೋ ಎರಡೋ ಬರುತ್ತವೆ, ಬಂದಾಗಲೆಲ್ಲ ಮಿಲೂಶಾ ಎದ್ದು ಒಡೆಯುವ ಸಾಮಾನನ್ನು ಒಳಗಿಡುತ್ತಾಳೆ.

"ದಾರಿಂಕಾ, ಅಳಬೇಡ. ಮದುವೆ ಊಟ ನನ್ನ ಮನೆ ಮುಂದೆ ಆಗ್ಲಿ. ಹುಲ್ಲುಗಾವಲು ಇದೆ, ಕುರಿ ಇದೆ, ಮನೇಲೇ ಭಟ್ಟಿ ಇಳಿಸಿದ ರಕೀಯ ಇದೆ. ತೊಂಬತ್ತು ಜನ ಬರ್ತಾರಾ, ಬರ್ಲಿ. ಎಲ್ಲಾ ನಂದು. ನೀವು ಹುಡುಗ ಹುಡುಗೀನ ಕರ್ಕೊಂಡು ಬನ್ನಿ ಸಾಕು."

ಫೋನಿನ ಆ ಕಡೆ ಅಳು ನಿಂತಿತು. ಈ ಕಡೆ ಹಿಟ್ಟು ನಾದುತ್ತಿದ್ದ ಮಿಲೂಶಾಳ ಕೈಯೂ ನಿಂತಿತು. ಅವಳು ನನ್ನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕಳು.

"ಏನು?" ಎಂದೆ.

"ಏನಿಲ್ಲ."

ಮೂವತ್ತಾರು ವರ್ಷ ಸಂಸಾರ ಮಾಡಿದವನು ‘ಏನಿಲ್ಲ’ ಎಂಬ ಮಾತು ಕೇಳಿದರೆ ಅಲ್ಲೇ ನಿಂತು ನಾಲ್ಕು ಕಡೆ ನೋಡಬೇಕು. ನಾನು ನೋಡಲಿಲ್ಲ. ನನ್ನ ಕಣ್ಣ ಮುಂದೆ ಆಗಲೇ ಉದ್ದ ಮೇಜಿನ ತುದಿಯಲ್ಲಿ ಗ್ಲಾಸು ಎತ್ತಿ ನಿಂತ ಗವ್ರೀಲೊ ಕಾಣುತ್ತಿದ್ದ, ಅವನು ನನಗಿಂತ ಸ್ವಲ್ಪ ತೆಳ್ಳಗೂ ಇದ್ದ.

ಎಲ್ಲವೂ ಸುಸೂತ್ರವಾಯಿತು. ಆಗಸ್ಟ್‌ನಲ್ಲಿ ಪೊದ್ಗೋರಿತ್ಸಾ ಎಂದರೆ ಕಾದ ಬಾಣಲೆ, ಹುಡುಗಿ ಟೆಯಾಗೆ ತಂಪಿನಲ್ಲಿ ಬೆಟ್ಟದ ಮುಂದೆ ಫೋಟೊ ತೆಗೆಸಿಕೊಳ್ಳುವ ಆಸೆ. ಕೋಟರ್‌ನವರು ಒಪ್ಪಿದರು. ಹಾಲ್‌ನವರೂ ಬುಕಿಂಗ್ ರದ್ದು ಮಾಡಿಕೊಟ್ಟರು. ಬಾಲ್ಶಾ ಫೋನಿನಲ್ಲಿ "ಮಾವ, ನೀನು ವ್ರ್ಹ್" ಎಂದ. ಜೀವನದಲ್ಲಿ ಅಷ್ಟು ಚಿಕ್ಕ ಮಾತಿಗೆ ಅಷ್ಟು ಉಬ್ಬಿದ್ದು ನನಗೆ ನೆನಪಿಲ್ಲ.

ಜುಲೈ ಪೂರ್ತಿ ನಾನು ಮೇಜು ಕಟ್ಟಿದೆ. ಮರ ಕೊಯ್ಯುವವನಿಂದ ಹಲಗೆ ತಂದು, ಕೆಳಗೆ ಕಾಲು ಹೊಡೆದು, ಇಪ್ಪತ್ತೇಳು ಮೀಟರ್ ಉದ್ದದ ಒಂದೇ ಮೇಜು. ಈಗ ಒಂದು ಸಣ್ಣ ಸಂಗತಿ ಹೇಳಬೇಕು. ಹುಲ್ಲುಗಾವಲು ಎಂದೆನಲ್ಲ, ನಮ್ಮಲ್ಲಿ ಅದು ಮಲಗಿರುವುದಿಲ್ಲ, ಒರಗಿಕೊಂಡಿರುತ್ತದೆ.

"ಮೇಜನ್ನ ಅಡ್ಡಕ್ಕೆ ಹಾಕು" ಎಂದಳು ಮಿಲೂಶಾ.

"ಅಡ್ಡಕ್ಕೆ ಹಾಕಿದ್ರೆ ಎರಡು ಕೊನೆನೂ ಒಂದೇ ಮಟ್ಟ ಆಗುತ್ತೆ."

"ಅದಕ್ಕೇ ಹೇಳ್ತಿರೋದು."

"ನೆತ್ತಿ ಅಂದ್ಮೇಲೆ ಮೇಲಿರಬೇಕು ಕಣೇ."

"ನೆತ್ತಿ ಮೇಲಿರುತ್ತೆ, ಸಾರು ಕೆಳಗಿರುತ್ತೆ ಮಾರಾಯ."

ಹೆಂಗಸರಿಗೆ ದೊಡ್ಡ ವಿಷಯ ಹೇಳಿದರೆ ಅದರಲ್ಲಿ ಸಾರನ್ನೇ ಹುಡುಕುತ್ತಾರೆ ಎಂದುಕೊಂಡು ನಾನು ಮೇಜನ್ನು ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ, ಬೆಟ್ಟ ಏರುವ ಹಾಗೆಯೇ ಕಟ್ಟಿದೆ. ಕೆಳಗಿನ ಕೊನೆ ದನದ ಕೊಟ್ಟಿಗೆ ಹತ್ತಿರ, ಮೇಲಿನ ಕೊನೆ ಕಾಡು ಸೇಬಿನ ಮರದ ಅಡಿಯಲ್ಲಿ. ಮಟ್ಟ ನೋಡುವ ನೀರಿನ ಕೊಳವೆ ಹಿಡಿದು ಅಳೆದೂ ನೋಡಿದೆ. ಕಾಲಿನಿಂದ ನೆತ್ತಿಗೆ ಮೂರು ಮೀಟರ್ ಏರು, ಅಂದರೆ ನಾನು ನಿಂತು ನನ್ನ ಹೆಗಲ ಮೇಲೆ ಮಿಲೂಶಾ ನಿಂತಷ್ಟು. ಅಟ್ಟದಿಂದ ಕೈಹಿಡಿಯಿರುವ ಅಪ್ಪನ ಕುರ್ಚಿ ಇಳಿಸಿ, ಒರೆಸಿ, ಅದು ಮುಂದಕ್ಕೆ ಮುಗ್ಗರಿಸದಂತೆ ಮುಂಗಾಲಿಗೆ ಕಲ್ಲು ಕೊಟ್ಟು, ಸೇಬಿನ ಮರದ ಕೆಳಗೆ ಸ್ಥಾಪಿಸಿದೆ. ಕತ್ತಲಾಗುವ ಮೊದಲು ದಿನಾ ಒಂದು ಸಲ ಹೋಗಿ ಕೂತು ಬರುತ್ತಿದ್ದೆ. ಅಲ್ಲಿಂದ ಇಡೀ ಗ್ಲಾವಿತ್ಸಾ, ಕೆಳಗಿನ ಕಣಿವೆ, ದಾರಿ, ಹೊಳೆ, ಎಲ್ಲ ನನ್ನ ಪ್ರಜೆಗಳಂತೆ ಕಾಣುತ್ತಿದ್ದವು.

ಮದುವೆಯ ದಿನ ಬಂತು. ಕಣಿವೆಯ ಚರ್ಚಿನಲ್ಲಿ ಶಾಸ್ತ್ರ ಮುಗಿಸಿ ಮೂವತ್ತು ಕಾರು ಹಾರನ್ ಹೊಡೆದುಕೊಂಡು, ಬಾವುಟ ಬೀಸಿಕೊಂಡು ಮೇಲೆ ಹತ್ತಿ ಬಂದವು. ನಾನು ಕಸೂತಿ ಹಾಕಿದ ಹೊಸ ವೇಸ್ಟ್‌ಕೋಟು ತೊಟ್ಟು, ಕೈಯಲ್ಲಿ ರೊಟ್ಟಿ ಉಪ್ಪು ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಅಪ್ಪಿ, ಮೂರು ಸಲ ಮುತ್ತಿಟ್ಟು, ಒಂದೊಂದು ಗ್ಲಾಸು ರಕೀಯ ಕೊಟ್ಟು ಬರಮಾಡಿಕೊಂಡೆ. (ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂವತ್ತು ಗ್ಲಾಸು ನಾನೂ ಅವರ ಜತೆಗೇ ಎತ್ತಿದ್ದೆ.)

ಜನ ಮೇಜಿನ ಎರಡೂ ಕಡೆ ನಿಂತರು. ಹಿರಿಯ ಕೂರುವವರೆಗೆ ಯಾರೂ ಕೂರುವಂತಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು, ಕೊಟ್ಟಿಗೆಯ ಕಡೆಯಿಂದ ಸೇಬಿನ ಮರದ ಕಡೆಗೆ ಹೊರಟೆ. ಇಪ್ಪತ್ತೇಳು ಮೀಟರ್, ಎರಡೂ ಬದಿಯಲ್ಲಿ ತೊಂಬತ್ತು ಮುಖ, ಎಲ್ಲವೂ ನನ್ನನ್ನೇ ನೋಡುತ್ತಿವೆ. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೋಗಿ ಅಪ್ಪನ ಕುರ್ಚಿಯ ಮೇಲೆ ಕೈಯಿಟ್ಟೆ.

"ಗವ್ರೀಲೊ."

ಕರೆದವನು ನೊವೀತ್ಸಾ ಅಜ್ಜ. ತೊಂಬತ್ತೊಂದು ವರ್ಷ, ಊರಿಗೆಲ್ಲ ಹಿರಿಯ. ಕಟ್ಟಳೆ ಏನೆಂದು ಜಗಳ ಬಂದರೆ ಮೂರು ಊರಿನವರು ಅವನ ಹತ್ತಿರ ಬರುತ್ತಾರೆ. ಅವನು ಕೋಲಿನ ಮೇಲೆ ಗದ್ದವಿಟ್ಟು ನನ್ನನ್ನು ನೋಡುತ್ತಿದ್ದ.

"ಏನಜ್ಜ?"

"ಎಲ್ಲಿಗೆ?"

"ಕೂರೋಕೆ."

"ಈ ಮನೆ ಯಾರದು?"

ಇಂಥ ಪ್ರಶ್ನೆಗೆ ನಾನು ಯಾವತ್ತೂ ಎದೆಯುಬ್ಬಿಸಿಯೇ ಉತ್ತರ ಕೊಡುವವನು. "ನಂದು."

"ಸುಟ್ಟ ಕುರಿ?"

"ನಂದು. ಏಳೂ ನಂದೇ."

"ರಕೀಯ?"

"ನಂದೇ. ನಾಲ್ಕು ವರ್ಷ ಇಟ್ಟದ್ದು. ಕುಡಿದು ನೋಡು, ಗೊತ್ತಾಗುತ್ತೆ."

"ಕುಡಿದೆ. ಚೆನ್ನಾಗಿದೆ. ಹಾಗಿದ್ರೆ ಇವತ್ತಿನ ಯಜಮಾನ ನೀನೇ ಅಂತಾಯ್ತು. ಯಜಮಾನ ಅತಿಥಿಗಳ ಮುಂದೆ ಕೂರೋದು ಯಾವಾಗಿಂದ ಶುರುವಾಯ್ತಪ್ಪಾ?"

ನಮ್ಮಲ್ಲಿ ಮನೆಯ ಯಜಮಾನ ತನ್ನ ಮನೆಯಲ್ಲಿ ಅತಿಥಿಗಳ ನಡುವೆ ಕೂರುವುದಿಲ್ಲ. ಕೊನೆಯವನು ಎದ್ದು ಹೋಗುವವರೆಗೆ ನಿಂತೇ ಇರುತ್ತಾನೆ, ನಿಂತೇ ಬಡಿಸುತ್ತಾನೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಮನೆಯ ಸಂತನ ಹಬ್ಬಕ್ಕೆ ಪ್ರತಿ ವರ್ಷವೂ ಬೆಳಗಿನಿಂದ ಸಂಜೆವರೆಗೆ ನಿಂತು ನಿಂತು ನನ್ನ ಹಿಮ್ಮಡಿ ಸವೆದಿದೆ. ಹಾಗಿದ್ದೂ ಮೇ ತಿಂಗಳಿಂದ ಈ ದಿನದವರೆಗೆ ಒಂದು ಸಲವೂ ನನ್ನ ಬುರುಡೆಗೆ ಇದು ಹೊಳೆಯಲಿಲ್ಲ. ಕೂರುವ ಜಾಗಕ್ಕೋಸ್ಕರ ಇಡೀ ಮದುವೆಯನ್ನು ಎಳೆದು ತಂದು, ನಾನು ಕೂರಲೇಬಾರದ ಒಂದೇ ಒಂದು ಮನೆಯ ಮುಂದೆ ಹಾಕಿಕೊಂಡಿದ್ದೆ.

"ಅಜ್ಜ, ಇವತ್ತೊಂದು ದಿನ ಮನೆ ಬಾಲ್ಶಾಗೆ ಕೊಟ್ಟಿದೀನಿ ಅಂತ ಇಟ್ಕೊ" ಎಂದೆ.

"ಬಾಗಿಲಲ್ಲಿ ರೊಟ್ಟಿ ಉಪ್ಪು ಹಿಡ್ಕೊಂಡು ನಿಂತಿದ್ದವನು ಯಾರು? ನಿನ್ನ ನೆರಳಾ?"

ತಂಗಿಯ ಗಂಡ ರಾಟ್ಕೊ ಹತ್ತಿರದಲ್ಲೇ ನಿಂತಿದ್ದ. "ನೀನು ಯಜಮಾನ ಆಗೋ" ಎಂದು ಪಿಸುಗುಟ್ಟಿದೆ. ಅವನು ಮರ್ಯಾದೆಯಿಂದಲೇ ಹೇಳಿದ, "ನಿಮ್ಮ ಅಡುಗೆಮನೆಯಲ್ಲಿ ಚಮಚ ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ವಲ್ಲ ಭಾವ."

ಒಂದು ಕಡೆ ಕುರ್ಚಿಯ ಹೆಮ್ಮೆ, ಇನ್ನೊಂದು ಕಡೆ ಮನೆಯ ಹೆಮ್ಮೆ. ಗವ್ರೀಲೊನ ಮನೆಯಲ್ಲಿ ಅತಿಥಿಗಳು ನಿಂತಿರುವಾಗ ಯಜಮಾನ ಕೂತನಂತೆ ಎಂಬ ಮಾತು ಒಂದು ಸಲ ಕಣಿವೆಗೆ ಇಳಿದರೆ ಅದನ್ನು ಮತ್ತೆ ಮೇಲೆ ಹತ್ತಿಸಲು ಯಾರಿಂದಲೂ ಆಗುವುದಿಲ್ಲ. ನಾನು ಕುರ್ಚಿಯಿಂದ ಕೈ ತೆಗೆದೆ. ಸುಳ್ಳು ಯಾಕೆ ಹೇಳಲಿ, ಅಳು ಬಂದಿತ್ತು. ಇಪ್ಪತ್ತೊಂಬತ್ತು ವರ್ಷ ಕಾದ ಕುರ್ಚಿ ನನ್ನದೇ ಹುಲ್ಲಿನ ಮೇಲೆ, ನನ್ನದೇ ಸೇಬಿನ ಮರದ ಕೆಳಗೆ ಖಾಲಿ ನಿಂತಿತ್ತು.

"ಹಾಗಾದ್ರೆ ನೆತ್ತಿಗೆ ಯಾರು?" ಎಂದು ಯಾರೋ ಕೇಳಿದರು. ರಾಟ್ಕೊನ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದ ಹಾಗೆ ನನಗೆ ಅನಿಸಿತು.

ನೊವೀತ್ಸಾ ಅಜ್ಜ ಕೋಲನ್ನು ಒಂದು ಸಲ ನೆಲಕ್ಕೆ ಕುಟ್ಟಿದ. "ಹುಡುಗನ ತಾಯಿ ತವರಿನವರು ಕೂರಬೇಕು. ತವರಲ್ಲಿ ಇರೋರು ಯಾರು? ಇವನೊಬ್ಬ, ಇವನ ಹೆಂಡ್ತಿ ಒಬ್ಬಳು. ಇವನು ನಿಲ್ಲಬೇಕು. ಅವಳನ್ನ ಕರೀರಿ."

ಒಬ್ಬ ಮೀಸೆಯವನು, "ಹೆಂಗಸು ನೆತ್ತಿಗೆ ಕೂತಿದ್ದು ನಮ್ಮಲ್ಲಿ ಇದೆಯಾ ಅಜ್ಜ?" ಎಂದ.

"ಕೂರಬಾರದು ಅಂತ ಯಾರೂ ನನಗೆ ಹೇಳಿಲ್ಲ. ನಂಗೆ ತೊಂಬತ್ತೊಂದು ವರ್ಷ, ನಿಂತು ನಿಂತು ಕಾಲು ನೋಯ್ತಿದೆ, ಹೊಟ್ಟೆ ಹಸೀತಿದೆ. ಕರೀರಿ ಅಂದೆ."

ಮಿಲೂಶಾ ಅಡುಗೆಮನೆಯಿಂದ ಬಂದಳು. ಕಾಚಮಾಕ್ ಮುದ್ದೆ ಮಗುಚುವ ಉದ್ದ ಸೌಟು ಕೈಯಲ್ಲೇ ಇತ್ತು, ಮೊಣಕೈವರೆಗೆ ಜೋಳದ ಹಿಟ್ಟು. ವಿಷಯ ಕೇಳಿ, "ನಾನಾ? ಒಲೆ ಮೇಲೆ ತಳ ಹಿಡೀತಿದೆ" ಎಂದಳು. ಪಕ್ಕದ ಮನೆಯ ಸೊಸೆ ಸೌಟನ್ನು ಕಿತ್ತುಕೊಂಡು ಓಡಿದಳು. ಮಿಲೂಶಾ ನಿಧಾನವಾಗಿ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ನನ್ನ ತೋಳಿನ ಮೇಲೆ ಹಾಕಿದಳು.

"ನಿಂಗೆ ಗೊತ್ತಿತ್ತಾ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಮೇ ತಿಂಗಳಲ್ಲೇ."

"ಒಂದು ಮಾತು ಹೇಳ್ಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ."

ಅಷ್ಟು ಹೇಳಿ ಕೈ ಕೊಡವಿಕೊಂಡು ಹೋಗಿ ಕೂತಳು. ತೊಂಬತ್ತು ಜನವೂ ಕೂತರು. ಇಡೀ ಬೆಟ್ಟದಲ್ಲಿ ನಿಂತವನು ನಾನೊಬ್ಬನೇ.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ದೊಡ್ಡದಾಗಿ ನೆನೆದರೆ ಈಗಲೂ ಮಂಡಿ ನೋಯುತ್ತದೆ. ಮೇಜಿನ ಮೇಲೆ ಇಟ್ಟದ್ದು ಇಟ್ಟಲ್ಲಿ ನಿಲ್ಲಲಿಲ್ಲ. ಮೊದಲು ಟೊಮೇಟೊ ಹೊರಟಿತು. ಅದರ ಹಿಂದೆ ಮೊಟ್ಟೆ, ಮೊಟ್ಟೆಯ ಹಿಂದೆ ಬ್ರೆಡ್ಡು. ಬಿದ್ದ ಬಾಟಲಿ ಒಂದೂ ಬಿದ್ದಲ್ಲಿ ಉಳಿಯಲಿಲ್ಲ, ಎಲ್ಲವೂ ಉರುಳಿಕೊಂಡು ಹೋಗಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತವು. ಸಾರು ಎಲ್ಲರ ತಟ್ಟೆಯಲ್ಲೂ ಒಂದೇ ದಿಕ್ಕಿಗೆ ವಾಲಿತ್ತು. ಮೇಲಿನವರ ಮಡಿಲು ಒಣಗಿತ್ತು, ಕೆಳಗಿನವರದ್ದು ತೊಯ್ದಿತ್ತು. ಅಡುಗೆಮನೆಯೂ ಕೊಟ್ಟಿಗೆಯ ಕಡೆಗೇ ಇದ್ದುದರಿಂದ ಮಾಂಸ, ಚೀಸು, ಕಾಚಮಾಕ್, ನೀರು, ಐಸು, ಪ್ರತಿಯೊಂದನ್ನೂ ನಾನು ಕೆಳಗಿನಿಂದ ಹೊತ್ತು ಮೇಲಕ್ಕೆ ಏರಬೇಕು. ಏರಿ ಮುಟ್ಟಿಸುವಷ್ಟರಲ್ಲಿ ಕೆಳಗೆ "ಯಜಮಾನ್ರೇ, ಇಲ್ಲಿ ರಕೀಯ" ಎನ್ನುತ್ತಾರೆ. ಇಳಿದು ಸುರಿಯುವಷ್ಟರಲ್ಲಿ ಮೇಲೆ "ಯಜಮಾನ್ರೇ, ಇಲ್ಲಿ ಉಪ್ಪು" ಎನ್ನುತ್ತಾರೆ. ಮೂರನೇ ಸಲಕ್ಕೆ ಟೋಪಿ ಬೇಲಿಗೆ ಹೋಯಿತು. ಐದನೇ ಸಲಕ್ಕೆ ಕಸೂತಿಯ ವೇಸ್ಟ್‌ಕೋಟೂ ಹೋಯಿತು. ಎಂಟನೇ ಸಲಕ್ಕೆ, ಅಂಗಿ ಉಳಿಯಲಿ ಎಂದು, ತೋಳಿನ ಮೇಲಿದ್ದ ಏಪ್ರನ್ನನ್ನು ಸೊಂಟಕ್ಕೆ ಕಟ್ಟಿಕೊಂಡೆ.

ಇದರ ನಡುವೆ ಮಿಲೂಶಾ ಗ್ಲಾಸು ಹಿಡಿದು ಎದ್ದು ನಿಂತಳು. ದಿಬ್ಬಣದ ಹಿರಿಯನ ಮಾತೆಂದರೆ ಸಾಮಾನ್ಯವೇ? ಅದರಲ್ಲಿ ವಂಶ ಬರಬೇಕು, ಯುದ್ಧ ಬರಬೇಕು, ಹದ್ದು ಬರಬೇಕು. ಇವಳು ಜೀವನದಲ್ಲಿ ಕೋಳಿಗಳನ್ನು ಬಿಟ್ಟು ಯಾವ ಸಭೆಯನ್ನೂ ಉದ್ದೇಶಿಸಿ ಮಾತಾಡಿದವಳಲ್ಲ.

"ಬಾಲ್ಶಾ, ಟೆಯಾ" ಎಂದಳು. "ಜಗಳ ಬಂದ್ರೆ ಮೊದ್ಲು ಊಟ ಮಾಡಿ, ಆಮೇಲೆ ಮುಂದುವರಿಸಿ. ಹಸಿದ ಹೊಟ್ಟೇಲಿ ಆಡಿದ ಮಾತು ಬಹಳ ದಿನ ಉಳಿಯುತ್ತೆ. ನಾನು ಈ ಮನೆಗೆ ಬಂದು ಮೂವತ್ತಾರು ವರ್ಷ ಆಯ್ತು. ನನ್ನ ಗಂಡ ಒಂದು ದಿನಾನೂ ನನ್ನ ಮಾತು ಕೇಳಿಲ್ಲ. ಆದ್ರೆ ಬಾಗಿಲಿಗೆ ಬಂದೋರನ್ನ ಒಂದು ದಿನಾನೂ ಹಾಗೇ ಕಳಿಸಿಲ್ಲ. ಮಳೆ ಇರ್ಲಿ, ಹಿಮ ಇರ್ಲಿ, ನಮ್ಗೇ ಊಟ ಇಲ್ದೇ ಇರ್ಲಿ. ನಿಮ್ಮ ಬಾಗಿಲೂ ಹಾಗೇ ತೆರೆದಿರ್ಲಿ. ಹೆಂಡ್ತಿ ಮಾತು ಮಾತ್ರ ನೀನು ಕೇಳು ಬಾಲ್ಶಾ. ಇಲ್ದಿದ್ರೆ ಹೀಗೆ ಓಡಾಡಬೇಕಾಗುತ್ತೆ."

ತೊಂಬತ್ತು ಜನರೂ ಹಿಂದಕ್ಕೆ ತಿರುಗಿ, ಎರಡು ಕೈಯಲ್ಲಿ ಬಾಟಲಿ ಹಿಡಿದು ಅರ್ಧ ದಾರಿಯಲ್ಲಿ ನಿಂತಿದ್ದ ನನ್ನನ್ನು ನೋಡಿ ನಕ್ಕರು. ದಾರಿಂಕಾ ನಗುತ್ತಾ ಅತ್ತಳು. ನೊವೀತ್ಸಾ ಅಜ್ಜ ತನ್ನ ತಟ್ಟೆಯಿಂದ ಮೂತ್ರಪಿಂಡದ ಹತ್ತಿರದ ಮೆತ್ತನೆಯ ತುಂಡನ್ನು ಎತ್ತಿ ಮಿಲೂಶಾಳ ತಟ್ಟೆಗೆ ಹಾಕಿದ. ಆ ಅಜ್ಜ ಯಾರಿಗೂ ಏನನ್ನೂ ಎತ್ತಿ ಕೊಟ್ಟವನಲ್ಲ. ಹದ್ದೂ ಇಲ್ಲದೆ, ಯುದ್ಧವೂ ಇಲ್ಲದೆ ಎಂಥ ಮಾತು ಆಡಿಬಿಟ್ಟಳಲ್ಲ ನನ್ನ ಹೆಂಡತಿ.

ಏದುಸಿರು ಬಿಡುತ್ತಾ ಅವಳ ಹತ್ತಿರ ಹೋಗಿ ಗ್ಲಾಸು ತುಂಬಿಸಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಕಣಿವೆಯ ಕಡೆ ನೋಡುತ್ತಿದ್ದಳು.

"ಇಲ್ಲಿಂದ ಹೊಳೆ ಕಾಣುತ್ತೆ ಗವ್ರೀಲೊ" ಎಂದಳು.

"ಹೂಂ, ಕಾಣುತ್ತೆ."

"ಮೂವತ್ತಾರು ವರ್ಷದಲ್ಲಿ ನಾನಿದನ್ನ ಹೀಗೆ ಕೂತು ನೋಡೇ ಇರ್ಲಿಲ್ಲ. ನಮ್ಮ ಮನೆಗೆ ಜನ ಬಂದಾಗೆಲ್ಲ ನನ್ನ ಮುಖ ಒಲೆ ಕಡೆಗೇ ಇರ್ತಿತ್ತು."

ನಾನೂ ಪಕ್ಕದಲ್ಲಿ ನಿಂತು ಹೊಳೆ ನೋಡಿದೆ. ಅವಳು ಮೇಜಿನ ಕೆಳಗಿನ ಕೊನೆಯತ್ತ ಬೆರಳು ತೋರಿಸಿ, "ಕೆಳಗೆ ಬ್ರೆಡ್ ಮುಗಿದಿದೆ ನೋಡು" ಎಂದಳು. ನಾನು ಇಳಿದೆ.

ಕೊಟ್ಟಿಗೆಯ ಹತ್ತಿರ ಹೊಸದಾಗಿ ಒಬ್ಬ ಮುದುಕ ಬಂದು ಕೂತಿದ್ದ. ನಾವಿಕರ ಟೋಪಿ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಆಗಲೇ ಎರಡು ಟೊಮೇಟೊ. ಹುಡುಗಿಯ ತಾಯಿಯ ಚಿಕ್ಕಪ್ಪನಂತೆ, ಹೆಸರು ತ್ರಿಪೋ. ಘಟ್ಟ ಹತ್ತುವಾಗ ಅವನ ಕಾರು ಬಿಸಿಯಾಗಿ ನಿಂತು, ತಣಿಯುವವರೆಗೆ ಕಾದು, ಎರಡು ಗಂಟೆ ತಡವಾಗಿ ಬಂದಿದ್ದ. ಅವನು ಬಂದಾಗ ಬಾಗಿಲಲ್ಲಿ ನಾನಿರಲಿಲ್ಲ, ಮೇಲೆ ಉಪ್ಪು ಕೊಡಲು ಹೋಗಿದ್ದೆ. ಅವನು ಮೇಜಿನುದ್ದಕ್ಕೂ ಕಣ್ಣು ಹಾಯಿಸಿ ಸೇಬಿನ ಮರದವರೆಗೂ ನೋಡಿದ.

"ಅಲ್ಲಿ ನೆತ್ತಿಗೆ ಕೂತಿರೋ ಹೆಂಗಸು ಯಾರಪ್ಪ? ಗತ್ತು ನೋಡು, ಹಡಗಿನ ಕ್ಯಾಪ್ಟನ್ ಹಾಗೆ ಕೂತಿದಾಳೆ."

"ದಿಬ್ಬಣದ ಹಿರಿಯಳು" ಎಂದೆ.

"ಭೇಷ್. ನೀನು ಯಾರ ಪೈಕಿ?"

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಚಿಕ್ಕದಲ್ಲ. ಅಪ್ಪನ ಹೆಸರು ಹೇಳಬೇಕು, ಅಜ್ಜನ ಹೆಸರು ಹೇಳಬೇಕು, ಯಾವ ಅಜ್ಜ ಯಾವ ತುರ್ಕಿ ಪಾಷಾನ ಎದುರು ಎಲ್ಲಿ ನಿಂತಿದ್ದ ಎಂದು ಹೇಳಬೇಕು. ನನ್ನದು ಏಳು ತಲೆಮಾರು ನಿಲ್ಲಿಸದೆ ಬರುತ್ತದೆ, ಮಕ್ಕಳಾಗಿದ್ದಾಗಲೇ ಬಾಯಿಪಾಠ. ನಾನು ಬಾಯಿ ತೆರೆದೆ. ಮೊದಲ ಹೆಸರು ಗಂಟಲಿಗೆ ಬಂದೂ ಬಂತು. ಆದರೆ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಅಲ್ಲಿ ಅವಳು ಇನ್ನೂ ಹೊಳೆಯ ಕಡೆ ನೋಡುತ್ತಾ, ಅಪ್ಪನ ಕುರ್ಚಿಗೆ ಒರಗಿ, ನಿಧಾನವಾಗಿ ಮಾಂಸ ಅಗಿಯುತ್ತಿದ್ದಳು. ಮೂವತ್ತಾರು ವರ್ಷದಲ್ಲಿ ಅವಳು ಕೂತು, ಬಿಸಿಯಾಗಿರುವಾಗಲೇ ಊಟ ಮಾಡಿದ್ದನ್ನು ನಾನೂ ಅದೇ ಮೊದಲು ನೋಡುತ್ತಿದ್ದೆ.

"ಆ ಮೇಲೆ ಕೂತಿದಾಳಲ್ಲ, ನಾನು ಅವಳ ಗಂಡ" ಎಂದೆ. ಏಳು ತಲೆಮಾರು ಹೇಳುವಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ತ್ರಿಪೋ ಮೇಲೆ ನೋಡಿದ. ನನ್ನ ಮುಖ ನೋಡಿದ, ಏಪ್ರನ್ ನೋಡಿದ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಪುಣ್ಯವಂತ ಕಣಪ್ಪ ನೀನು" ಎಂದು ಖಾಲಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟ. "ಅವಳಿಗೆ ಹೇಳಿ ನಂಗೊಂದು ಒಳ್ಳೇ ತುಂಡು ಹಾಕಿಸ್ಕೊಂಡು ಬಾ. ನಿನ್ನ ಮಾತು ಮನೇಲಿ ನಡೆಯುತ್ತೆ ತಾನೆ?"

"ಕೇಳಿ ನೋಡ್ತೀನಿ" ಎಂದು ಮತ್ತೆ ಬೆಟ್ಟ ಹತ್ತಿದೆ.